ನೀರುಗಂಟಿಯ ಕಂತೆ

"ಬುದ್ಧೀ, ಒಂದು ಹಾಳೆಯನ್ನು ಅದು ಇದ್ದ ಕಂತೆಯಿಂದ ಬಿಡಿಸಿ ಬೇರೆ ಕಡೆ ಇಟ್ಟರೆ ತಪ್ಪಾಗುತ್ತದೆಯೇ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಕರಿಬಸವ. ಮಠದ ಹಳೆಯ ಕಾಗದಪತ್ರಗಳನ್ನು ಒಪ್ಪ ಮಾಡುವ ಕೆಲಸವನ್ನು ಗುರುಗಳು ಅವನಿಗೆ ಕೊಟ್ಟು ಎರಡು ತಿಂಗಳಾಗಿತ್ತು. ಗುರುಗಳು ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಯಾವ ಹಾಳೆ?"

"ಮಠಕ್ಕೆ ಹೂ ತಂದುಕೊಡುತ್ತಿದ್ದ ಹೂಗಾರನೊಬ್ಬನ ದೂರು ಬುದ್ಧೀ. ಮೂವತ್ತು ವರ್ಷದ ಹಿಂದಿನದು. ತಾನು ಮಾಡದ ಕಳವನ್ನು ತನ್ನ ಮೇಲೆ ಹೊರಿಸಿ ಮಠದಿಂದ ಹೊರಗೆ ಹಾಕಿದರು ಎಂದು ಬರೆಸಿದ್ದಾನೆ. ಅದು ಪೂಜೆಯ ಕಾಗದಗಳ ನಡುವೆ ಕೂತಿತ್ತು, ಬಿಡಿಸಿ ಇಟ್ಟುಕೊಂಡಿದ್ದೇನೆ. ಅಲ್ಲಿ ಅದು ಹೊಂದುವುದಿಲ್ಲ. ಇತರೆ ಎಂದು ಒಂದು ಪೆಟ್ಟಿಗೆ ಮಾಡಿದ್ದೇನೆ, ಅದರಲ್ಲಿ ಹಾಕೋಣ ಎಂದುಕೊಂಡೆ."

"ಹೊರಗೆ ಹಾಕಿದವರು ಯಾರು ಅಂತ ಬರೆಸಿದ್ದಾನೆ?"

ಕರಿಬಸವ ಬೇರೆ ಕಡೆ ನೋಡುತ್ತ, "ಹೆಸರು ಸರಿಯಾಗಿ ಕಾಣುವುದಿಲ್ಲ. ಶಾಯಿ ಮಾಸಿದೆ," ಎಂದ.

"ಹ್ಞೂಂ," ಎಂದರು ಗುರುಗಳು. "ಕೂತುಕೋ. ಸುಮ್ಮನೆ ಕೂರಬೇಡ, ನೀನೂ ನಾಲ್ಕು ಕಾಯಿ ಬಿಡಿಸು. ಒಂದು ಕತೆ ಹೇಳುತ್ತೇನೆ."

ಕರಿಬಸವ ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಲ್ಲಿ ಒಬ್ಬ ದೊರೆ ಇದ್ದ. ದೊರೆ ಅಂದ ಕೂಡಲೇ ಆನೆ ಕುದುರೆ ನೆನೆಸಿಕೊಳ್ಳಬೇಡ. ಒಂದು ಕೋಟೆ, ಒಂದು ಕೆರೆ, ಇಪ್ಪತ್ತು ಹಳ್ಳಿ, ಅಷ್ಟೇ ಅವನ ದೊರೆತನ. ಆದರೆ ಅವನ ಮನೆತನದವರು ಕಾಗದ ಬಿಸಾಡಿದವರಲ್ಲ. ಐದು ತಲೆಮಾರಿನ ಕಾಗದವೆಲ್ಲ ಅರಮನೆಯ ಹಿಂದಿನ ಒಂದು ಕೋಣೆಯಲ್ಲಿತ್ತು. ಅದಕ್ಕೆ ದಫ್ತರ ಎನ್ನುತ್ತಿದ್ದರು.

ದಫ್ತರ ನೋಡಿಕೊಳ್ಳುತ್ತಿದ್ದವಳು ಒಬ್ಬ ಹೆಂಗಸು. ಮೊದಲು ಅವಳ ಗಂಡ ಅಲ್ಲಿ ಕೆಲಸಕ್ಕಿದ್ದ. ಅವನ ಕಣ್ಣು ಮಂಜಾದ ಮೇಲೆ ಅವಳೇ ಓದಿ ಹೇಳುತ್ತಿದ್ದಳು, ಅವಳೇ ಕಟ್ಟಿಡುತ್ತಿದ್ದಳು. ಅವನು ಸತ್ತ ಮೇಲೆ ಆಗಿನ ದೊರೆ, ಅಂದರೆ ಈಗಿನ ದೊರೆಯ ಅಪ್ಪ, ಬೀಗದ ಕೈಯನ್ನು ಅವಳಿಗೇ ಕೊಟ್ಟ. ಊರವರು ಅವಳನ್ನು ದಫ್ತರದವ್ವ ಎಂದು ಕರೆಯುತ್ತಿದ್ದರು. ನಿಜವಾದ ಹೆಸರು ಏನಿತ್ತೋ, ನನಗೆ ಗೊತ್ತಿಲ್ಲ. ಗೊತ್ತಿದ್ದರೂ ನಿನಗೆ ಅದರಿಂದ ಆಗಬೇಕಾದ್ದೇನಿಲ್ಲ.

ಅವಳ ಪದ್ಧತಿ, ಅವಳಿಗಿಂತ ಹಿಂದಿನಿಂದಲೂ ದಫ್ತರದಲ್ಲಿ ನಡೆದು ಬಂದದ್ದೇ, ಹೀಗಿತ್ತು. ಯಾರ ಕೈಯಿಂದ ಕಾಗದ ಬಂತೋ ಅವರ ಕಂತೆಗೇ ಅದು ಸೇರಬೇಕು. ಕೋಟೆ ಕಾವಲಿನವನು ತಂದದ್ದು ಕಾವಲಿನವನ ಕಂತೆಗೆ. ಕೆರೆಯ ತೂಬು ತೆಗೆದು ನೀರು ಬಿಡುವ ನೀರುಗಂಟಿ ತಂದದ್ದು ನೀರುಗಂಟಿಯ ಕಂತೆಗೆ. ಬಂದ ಹಾಳೆಯ ಮೂಲೆಗೆ ದಬ್ಬಳ ಚುಚ್ಚಿ ದಾರಕ್ಕೆ ಪೋಣಿಸುವಳು. ಇವತ್ತು ಬಂದದ್ದು ನಿನ್ನೆ ಬಂದದ್ದರ ಹಿಂದೆ. ಆ ಮನುಷ್ಯ ಕೆಲಸ ಬಿಟ್ಟನೋ ಸತ್ತನೋ, ದಾರದ ತುದಿಗೆ ಗಂಟು ಹಾಕಿ ಅರಗಿನ ಮುದ್ರೆ ಒತ್ತುವಳು. ಬಟ್ಟೆ ಸುತ್ತಿ ಒಂದು ಚೀಟಿ ಕಟ್ಟುವಳು. ಯಾರ ಕಂತೆ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಎಷ್ಟು ಹಾಳೆ, ಇಷ್ಟು ಚೀಟಿಯಲ್ಲಿ ಇರುತ್ತಿತ್ತು.

"ಹಾಗಾದರೆ ಬೇಕಾದದ್ದನ್ನು ಹುಡುಕುವುದು ಹೇಗೆ ಬುದ್ಧೀ?" ಎಂದ ಕರಿಬಸವ. "ಒಬ್ಬನ ಕಂತೆಯಲ್ಲಿ ನೂರು ವಿಷಯ ಇರುತ್ತವೆ."

"ನಿನ್ನಂಥವರು ಕೇಳುತ್ತಾರೆ ಅಂತಲೇ ಅವಳು ಒಂದು ಪಟ್ಟಿ ಬರೆದಿಟ್ಟಿದ್ದಳು," ಎಂದರು ಗುರುಗಳು. "ಬಾಯಿ ಆಡಿಸು, ಆದರೆ ಕೈ ನಿಲ್ಲಿಸಬೇಡ."

ಮದುವೆಯ ಸಂಗತಿ ಬೇಕೋ, ಪಟ್ಟಿಯಲ್ಲಿ ಮದುವೆ ಎಂಬಲ್ಲಿ ನೋಡು. ಇಂಥವರ ಕಂತೆ, ಇಷ್ಟನೆಯ ಹಾಳೆ ಎಂದು ಬರೆದಿರುತ್ತದೆ. ಜಗಳ ಬೇಕೋ, ಜಗಳ ಎಂಬಲ್ಲಿ ನೋಡು. ಒಂದೇ ಹಾಳೆ ಪಟ್ಟಿಯಲ್ಲಿ ನಾಲ್ಕು ಕಡೆ ಬಂದರೂ ಬರಲಿ, ಹಾಳೆ ಮಾತ್ರ ಕೂತಲ್ಲೇ ಕೂತಿರಬೇಕು. "ಓಡಾಡೋದಕ್ಕೆ ಪಟ್ಟಿ ಇದೆಯಲ್ಲಪ್ಪಾ, ಹಾಳೆಗೆ ಯಾಕೆ ಕಾಲು ಕೊಡಬೇಕು?" ಎನ್ನುತ್ತಿದ್ದಳು ಅವಳು. ಇಪ್ಪತ್ತೆಂಟು ವರ್ಷ ಹೀಗೇ ನಡೆಯಿತು. ಯಾರೂ ಕೊರತೆ ಹೇಳಿರಲಿಲ್ಲ.

ಆಮೇಲೆ ಹಳೆಯ ದೊರೆ ಸತ್ತ. ಮಗ ಪಟ್ಟಕ್ಕೆ ಬಂದ. ಅವನು ಅರಮನೆಯ ಆಡಳಿತಕ್ಕೆ ಎಲ್ಲಿಂದಲೋ ಒಬ್ಬ ಹೊಸ ಪಾರುಪತ್ಯಗಾರನನ್ನು ಕರೆಸಿಕೊಂಡ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಅನ್ನುತ್ತಾರಲ್ಲ, ಹಾಗೆ ಇವನು ಬಂದ ವಾರದಲ್ಲೇ ಅಡುಗೆಮನೆಯ ಪಾತ್ರೆಗಳನ್ನು ಅಳತೆವಾರು ಜೋಡಿಸಿದ, ಲಾಯದ ಕುದುರೆಗಳನ್ನು ಬಣ್ಣವಾರು ಕಟ್ಟಿಸಿದ. ಕೆಟ್ಟವನೇನಲ್ಲ. ಲಂಚ ಮುಟ್ಟುತ್ತಿರಲಿಲ್ಲ. ಆದರೆ ಒಂದು ವಸ್ತು ಯಾಕೆ ಅಲ್ಲಿದೆ ಎಂದು ಕೇಳದೆಯೇ ಅದನ್ನು ಎತ್ತಿ ಇನ್ನೊಂದು ಕಡೆ ಇಡುವ ಚಟ ಇತ್ತು.

ಕೊನೆಗೆ ಅವನು ದಫ್ತರಕ್ಕೂ ಬಂದ. ಕಂತೆಗಳನ್ನು ನೋಡಿ ಮೂಗು ಮುರಿದ.

"ಏನಮ್ಮಾ ಇದು ಸಂತೆ? ಕಾವಲಿನವನ ಕಂತೆಯಲ್ಲಿ ಮದುವೆ, ನೀರುಗಂಟಿಯ ಕಂತೆಯಲ್ಲಿ ಮನೆ! ಹನ್ನೆರಡು ಪೆಟ್ಟಿಗೆ ಮಾಡಿಸ್ತೇನೆ. ಜಮೀನು, ನೀರು, ಮದುವೆ, ಸಾವು, ಜಗಳ, ಪೂಜೆ, ಹೀಗೆ. ಎಲ್ಲ ದಾರ ಕತ್ತರಿಸಿ, ಎಲ್ಲ ಹಾಳೆಯನ್ನೂ ಅದರದರ ಪೆಟ್ಟಿಗೆಗೆ ಹಾಕಿಸು."

"ಆಗೋದಿಲ್ಲ ಸ್ವಾಮಿ," ಎಂದಳು ದಫ್ತರದವ್ವ.

"ಯಾಕೆ ಆಗೋದಿಲ್ಲ? ಬೇಕಾದರೆ ನಾಲ್ಕು ಜನ ಗುಮಾಸ್ತರನ್ನು ಕೊಡ್ತೇನೆ."

"ನಲವತ್ತು ಜನ ಕೊಟ್ಟರೂ ಆಗೋದಿಲ್ಲ. ಹುಡುಕೋದಕ್ಕೆ ಪಟ್ಟಿ ಇದೆ. ಬೇಕಾದರೆ ನೂರು ತಲೆಬರಹ ಹಾಕಿ ಇನ್ನೊಂದು ಪಟ್ಟಿ ಬರೆದುಕೊಡ್ತೇನೆ. ದಾರಕ್ಕೆ ಮಾತ್ರ ಕತ್ತರಿ ಇಡೋದಿಲ್ಲ."

ಅವನಿಗೆ ಮೈ ಉರಿಯಿತು. ಸೀದಾ ದೊರೆಯ ಹತ್ತಿರ ಹೋಗಿ ದೂರು ಹೇಳಿದ. ದೊರೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ನೋಡೋಣ, ಅವಳು ಅಪ್ಪನ ಕಾಲದವಳು," ಎಂದ. ಸ್ವಲ್ಪ ದಿನ ಅದು ಹಾಗೇ ಇತ್ತು.

ಅಷ್ಟರಲ್ಲಿ ದೊರೆಗೆ ಇನ್ನೊಂದು ಆಸೆ ಹುಟ್ಟಿತು. ಕೆರೆಯ ಮೂಡಣ ಅಂಗಳದಲ್ಲಿ ಒಂದು ಬೇಸಿಗೆ ಮಂಟಪ ಕಟ್ಟಿಸಬೇಕು, ಸಂಜೆ ಅಲ್ಲಿ ಗಾಳಿಗೆ ಕೂರಬೇಕು ಎಂದು. ಅಲ್ಲಿ ಇನ್ನು ಯಾರೂ ಕಾಲಿಡಕೂಡದು ಎಂದು ಅಪ್ಪಣೆ ಬರೆಸಿ ಡಂಗುರ ಸಾರಿಸಿದ.

ಆ ಊರಲ್ಲಿ ಹನ್ನೊಂದು ಮನೆ ಕುಂಬಾರರಿದ್ದರು. ಪ್ರತಿ ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಅವರು ಮಣ್ಣು ಅಗೆಯುತ್ತಿದ್ದದ್ದು ಅದೇ ಮೂಡಣ ಅಂಗಳದಲ್ಲಿ. ಬೇರೆ ಕಡೆಯ ಮಣ್ಣಿನಲ್ಲಿ ಮಡಕೆ ಮಾಡಿದರೆ ಆವಿಗೆಯಲ್ಲಿ ಸುಡುವಾಗ ಸೀಳು ಬಿಡುತ್ತಿತ್ತು. ಆ ಮಣ್ಣು ಹೋಯಿತೆಂದರೆ ಹನ್ನೊಂದು ಮನೆಯವರೂ ಊರು ಬಿಡಬೇಕು. ಡಂಗುರ ಕೇಳಿದ ದಿನವೇ ಅವರು ಗಂಡಸರು ಹೆಂಗಸರು ಎನ್ನದೆ ಎಲ್ಲರೂ ಅರಮನೆಯ ಮುಂದೆ ಬಂದು ನಿಂತರು.

"ಆ ಮಣ್ಣು ನಮ್ಮ ಪಾಲಿನದು ದೊರೆಗಳೇ. ತಾತನ ಕಾಲದಿಂದ ಅಗೀತಾ ಇದ್ದೇವೆ," ಎಂದ ಕುಂಬಾರರ ಯಜಮಾನ.

"ಕೊಟ್ಟವರು ಯಾರು? ಕಾಗದ ಇದೆಯಾ?" ಎಂದ ದೊರೆ.

ಕುಂಬಾರರ ಹತ್ತಿರ ಕಾಗದ ಎಲ್ಲಿಂದ ಬರಬೇಕು?

ಆಗ ಪಾರುಪತ್ಯಗಾರ ಮುಂದೆ ಬಂದ. "ದೊರೆಗಳೇ, ಇದಕ್ಕೆ ನ್ಯಾಯವಾದ ದಾರಿ ಒಂದಿದೆ. ದಫ್ತರದ ಕಾಗದವನ್ನೆಲ್ಲ ಹನ್ನೆರಡು ಪೆಟ್ಟಿಗೆಗೆ ವಿಂಗಡಿಸೋಣ. ಆಮೇಲೆ ಜಮೀನಿನ ಪೆಟ್ಟಿಗೆ ಒಂದನ್ನೇ ತೆರೆದು ನೋಡೋಣ. ಮಣ್ಣು ಕುಂಬಾರರದು ಅಂತ ಬರೆದ ಹಾಳೆ ಅದರಲ್ಲಿ ಸಿಕ್ಕರೆ ಅವರಿಗೆ ಬಿಡೋಣ. ಸಿಗದಿದ್ದರೆ ಮಂಟಪ."

ಕೇಳಿದವರಿಗೆಲ್ಲ ಇದು ಸರಿ ಎನ್ನಿಸಿತು. ಕುಂಬಾರರೂ ತಲೆಯಾಡಿಸಿದರು. ಪಾಪ, ಅವರಿಗೇನು ಗೊತ್ತು? ಪೆಟ್ಟಿಗೆ ಮಾಡಿಸಲಿಕ್ಕೆ ದೊರೆ ಎಂಟು ದಿನ ಗಡುವು ಕೊಟ್ಟ.

ದಫ್ತರದವ್ವ ಅವತ್ತೇ ಪಟ್ಟಿ ತೆಗೆದಳು. ಮಣ್ಣು ಎಂಬಲ್ಲಿ ನೋಡಿದಳು, ಕೆರೆ ಎಂಬಲ್ಲಿ ನೋಡಿದಳು, ಕುಂಬಾರರು ಎಂಬಲ್ಲಿ ನೋಡಿದಳು. ಮೂರು ಕಡೆಯೂ ಒಂದೇ ಕಂತೆಯ ಹೆಸರು ಬಂತು. ದೊರೆಯ ತಾತನ ಕಾಲದಲ್ಲಿ ನಲವತ್ತು ವರ್ಷ ಕೆರೆ ನೋಡಿಕೊಂಡ ನೀರುಗಂಟಿಯ ಕಂತೆ. ಅದನ್ನು ಇಳಿಸಿ ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಓದಿದಳು. ಓದಿ ಮುಗಿಸಿ, ಮತ್ತೆ ಬಟ್ಟೆ ಸುತ್ತಿ ಮೇಲಿಟ್ಟಳು.

ನಾಲ್ಕನೆಯ ದಿನ ಕುಂಬಾರರ ಯಜಮಾನ ಅವಳ ಹತ್ತಿರ ಬಂದ. ಸೊಂಟದಿಂದ ಒಂದು ಮಡಿಸಿದ ಹಾಳೆ ತೆಗೆದ.

"ಅವ್ವಾ, ಇದನ್ನೊಂದು ಯಾವುದಾದರೂ ಹಳೇ ಕಂತೆಗೆ ಪೋಣಿಸಿಬಿಡು."

ಅವಳು ಬಿಚ್ಚಿ ನೋಡಿದಳು. ಕೆರೆಯ ಮೂಡಣ ಅಂಗಳದ ಮಣ್ಣನ್ನು ಕುಂಬಾರರಿಗೆ ಸೂರ್ಯಚಂದ್ರರಿರುವ ತನಕ ಕೊಟ್ಟಿದ್ದೇವೆ ಎಂದು ಹಳೆಯ ದೊರೆಯ ಹೆಸರಿನಲ್ಲಿ ಬರೆದಿತ್ತು. ಯಾರೋ ಕಲಿತವನ ಹತ್ತಿರ ಬರೆಸಿದ್ದರು. ಹಾಳೆ ಹೊಸದು. ಹಳೆಯದರ ಹಾಗೆ ಕಾಣಲಿ ಎಂದು ಅದನ್ನು ಆವಿಗೆಯ ಹೊಗೆಗೆ ಹಿಡಿದಿದ್ದರು. ಕುಂಬಾರರಲ್ಲವೇ, ಅವರಿಗೆ ತೋಚಿದ್ದು ಅದೇ. ಹಾಳೆಯೇನೋ ಕಂದು ಬಣ್ಣಕ್ಕೆ ತಿರುಗಿತ್ತು, ಆದರೆ ಮೂಗಿನ ಹತ್ತಿರ ತಂದರೆ ಹಸಿ ಮಡಕೆ ಬೆಂದ ವಾಸನೆ ಗಮ್ಮೆನ್ನುತ್ತಿತ್ತು.

ದಫ್ತರದವ್ವನಿಗೆ ನಗು ಬಂತು, ಸಿಟ್ಟೂ ಬಂತು. "ಅಯ್ಯೋ ಯಜಮಾನಪ್ಪಾ, ಇದೇನು ಕಾಗದವೋ, ಬಾಣಲೆಯೋ? ತಗೊಂಡು ಹೋಗು. ಇದನ್ನ ಸೇರಿಸೋದಿಲ್ಲ."

"ನಮ್ಮ ಹೊಟ್ಟೆ ಮೇಲೆ ಹೊಡೀತಿದ್ದಾರೆ ಅವ್ವಾ! ಸುಳ್ಳೇ ಇರಬಹುದು, ಆದರೆ ಇದರಲ್ಲಿ ಬರೆದ ಮಾತು ನಿಜ ತಾನೇ? ಮಣ್ಣು ನಮ್ಮದು ತಾನೇ?"

"ಮಾತು ನಿಜ, ಹಾಳೆ ಸುಳ್ಳು. ನಿನಗೋಸ್ಕರ ಒಂದು ಹಾಳೆ ಸೇರಿಸಿದ ದಾರದಿಂದ ನಾಳೆ ಇನ್ನೊಬ್ಬನಿಗೋಸ್ಕರ ಒಂದು ಹಾಳೆ ತೆಗೀಬೇಕಾಗುತ್ತೆ. ಆಮೇಲೆ ನಿನ್ನ ನಿಜವನ್ನೂ ಯಾರೂ ನಂಬೋದಿಲ್ಲ."

"ಹಾಗಾದರೆ ನೀನು ಅರಮನೆಯವರ ಕಡೆ ಅನ್ನು!" ಎಂದು ಅವನು ಎದ್ದು ನಿಂತ.

"ಅರಮನೆಯವರು ನಾನು ನಿಮ್ಮ ಕಡೆ ಅಂತಾರೆ. ಹೋಗಪ್ಪಾ, ಮನೆಗೆ ಹೋಗು. ಎಂಟನೇ ದಿನ ಎಲ್ಲರನ್ನೂ ಕರೆದುಕೊಂಡು ಬಾ."

ಅವನು ಅವಳಿಗೆ ಶಾಪ ಹಾಕುತ್ತಾ ಹೋದ. ಅವತ್ತು ಕುಂಬಾರರ ಕೇರಿಯಲ್ಲಿ ಅವಳನ್ನು ಬೈಯದ ಬಾಯಿ ಇರಲಿಲ್ಲ. ಅವಳಿಗೆ ಅದು ಗೊತ್ತಾಯಿತು. ನೋವೂ ಆಯಿತು. ಆದರೂ ಹಾಳೆ ಸೇರಿಸಲಿಲ್ಲ.

ಎಂಟನೆಯ ದಿನ ಬೆಳಗ್ಗೆ ಪಾರುಪತ್ಯಗಾರ ದಫ್ತರದ ಮುಂದೆ ಬಂದ. ಹಿಂದೆ ನಾಲ್ಕು ಜನ ಗುಮಾಸ್ತರು, ಕೈಯಲ್ಲಿ ಕತ್ತರಿ. ಅಂಗಳದಲ್ಲಿ ಹನ್ನೆರಡು ಹೊಸ ಪೆಟ್ಟಿಗೆ ಸಾಲಾಗಿ ಕೂತಿದ್ದವು. ದೊರೆಯೂ ಬಂದು ಕುರ್ಚಿ ಹಾಕಿಸಿಕೊಂಡ. ಕುಂಬಾರರು ಒಂದು ಕಡೆ ಗುಂಪಾಗಿ ನಿಂತರು.

ದಫ್ತರದವ್ವ ಹೊಸ್ತಿಲ ಮೇಲೆ ಕೂತಿದ್ದಳು. ಬೀಗದ ಕೈ ಸೊಂಟದಲ್ಲಿ.

"ಏಳಮ್ಮಾ," ಎಂದ ಪಾರುಪತ್ಯಗಾರ.

"ಏಳೋದಿಲ್ಲ."

"ದೊರೆಗಳ ಅಪ್ಪಣೆ ಆಗಿದೆ!"

"ದೊರೆಗಳು ಇಲ್ಲೇ ಕೂತಿದ್ದಾರಲ್ಲ, ಅವರೇ ಹೇಳಲಿ. ಆದರೆ ಹೇಳೋಕ್ಕೆ ಮುಂಚೆ ನಂದೊಂದು ಮಾತು ಕೇಳಲಿ."

ದೊರೆಗೆ ಕುತೂಹಲವಾಯಿತು. "ಏನು ನಿನ್ನ ಮಾತು? ಮಣ್ಣು ಕುಂಬಾರರದು ಅಂತ ಬರೆದ ಹಾಳೆ ನಿನ್ನ ದಫ್ತರದಲ್ಲಿ ಇದೆಯೋ ಇಲ್ಲವೋ? ಅದನ್ನ ಹೇಳು ಸಾಕು."

"ಇಲ್ಲ," ಎಂದಳು ದಫ್ತರದವ್ವ.

ಕುಂಬಾರರ ಗುಂಪಿನಲ್ಲಿ ಹಾಹಾಕಾರ ಎದ್ದಿತು. ಒಬ್ಬ ಹೆಂಗಸು "ಹಾಳಾಗಿ ಹೋಗು!" ಎಂದು ಕೂಗಿದಳು. ಪಾರುಪತ್ಯಗಾರ ಗುಮಾಸ್ತರ ಕಡೆ ತಿರುಗಿ ಒಳಗೆ ಹೋಗಿ ಎಂದು ಸನ್ನೆ ಮಾಡಿದ.

"ತಡೀರಿ! ಅಂಥ ಹಾಳೆ ಒಂದು ಇಲ್ಲ ಅಂದೆ, ಅಷ್ಟೇ. ನೀರುಗಂಟಿಯ ಕಂತೆ ಒಂದಿದೆ. ಅದನ್ನ ಮೊದಲ ಹಾಳೆಯಿಂದ, ಒಂದನ್ನೂ ಬಿಡದೆ, ಇದ್ದ ಸಾಲಿನಲ್ಲೇ ಓದಿಸಿ. ಅದಾದ ಮೇಲೂ ಕತ್ತರಿಸಬೇಕು ಅನ್ನಿಸಿದರೆ ಬೀಗದ ಕೈ ತಗೊಳ್ಳಿ. ಅಲ್ಲೀವರೆಗೆ ಈ ಹೊಸ್ತಿಲು ದಾಟಬೇಕಾದರೆ ನನ್ನ ಹೆಣ ದಾಟಿಕೊಂಡು ಹೋಗಬೇಕು."

ಅವಳು ಹಾಗೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ದೊರೆ "ಓದಿಸಿ," ಎಂದ.

ಕಂತೆ ಬಂತು. ಗುಮಾಸ್ತನೊಬ್ಬ ಓದಲಿಕ್ಕೆ ಕೂತ.

ಮೊದಲ ಹಾಳೆ: ಕೆರೆಯ ಏರಿ ಅಗಲ ಮಾಡಲಿಕ್ಕೆ ಕುಂಬಾರರ ಹನ್ನೊಂದು ಮನೆ ಕೆಡವಿದ್ದು, ಅವರ ಹೆಸರುಗಳು.

"ಇದು ಮನೆಯ ಪೆಟ್ಟಿಗೆಗೆ," ಎಂದ ಪಾರುಪತ್ಯಗಾರ.

ಎರಡನೆಯದು: ಆ ಹನ್ನೊಂದು ಮನೆಯವರು ಬಡಗಣ ದಿಬ್ಬಕ್ಕೆ ಹೋದದ್ದು, ಅಲ್ಲಿಂದ ಕೆರೆಯ ಮೂಡಣ ಅಂಗಳಕ್ಕೆ ಗಾಡಿ ಇಳಿಯಲು ದಾರಿ ಕಡಿಸಿದ್ದು.

"ದಾರಿಯ ಪೆಟ್ಟಿಗೆಗೆ."

ಮೂರನೆಯದು: ಕುಂಬಾರರು ಮಣ್ಣು ಅಗೆದರು, ಅವರಿಗಾಗಿ ತೂಬನ್ನು ನಾಲ್ಕು ದಿನ ತೆಗೆದಿಟ್ಟಿದ್ದೆ.

"ನೀರಿನ ಪೆಟ್ಟಿಗೆಗೆ."

ನಾಲ್ಕನೆಯದೂ ಅದೇ, ಮರು ಬೇಸಿಗೆಯದು. ಐದನೆಯದೂ ಅದೇ. ಹಾಗೇ ಬೇಸಿಗೆಯ ಮೇಲೆ ಬೇಸಿಗೆ. ನಡುವೆ ಏರಿಯ ಬಿರುಕು, ಮೀನು, ಮೊಸಳೆ ಕಂಡ ಸುದ್ದಿ, ಎಲ್ಲ ಬಂತು. ಯಾವ ಹಾಳೆಯನ್ನೂ ಬಿಡಲಿಕ್ಕೆ ಅವಳು ಒಪ್ಪಲಿಲ್ಲ. ಬಿಸಿಲು ಏರಿತು. ಪಾರುಪತ್ಯಗಾರ ಆಕಳಿಸಿದ. ದೊರೆ ಎರಡು ಸಲ ಮಜ್ಜಿಗೆ ತರಿಸಿಕೊಂಡ. ಕುಂಬಾರರು ಮಾತ್ರ ಒಂದೊಂದು ಹೆಜ್ಜೆ ಹತ್ತಿರ ಬರುತ್ತಿದ್ದರು. ಅವರ ತಾತಂದಿರ ಹೆಸರು ಬರುತ್ತಿತ್ತಲ್ಲ.

ಆಮೇಲೆ ಗುಮಾಸ್ತ ಒಂದು ಹಾಳೆ ಓದಿದ. ಅದರಲ್ಲಿ ಹೀಗಿತ್ತು: 'ಈ ಬೇಸಿಗೆ ಕುಂಬಾರರು ಬರಲಿಲ್ಲ. ಕೇರಿಯಲ್ಲಿ ಬೇನೆ. ಆರು ಜನ ತೀರಿಕೊಂಡರು. ಉಳಿದವರು ಏಳುವ ಸ್ಥಿತಿಯಲ್ಲಿಲ್ಲ. ಅವರ ಪಾಲಿನ ಮಣ್ಣನ್ನು ನಾನೇ ಅಗೆಸಿ, ಅರಮನೆಯ ಗಾಡಿಯಲ್ಲಿ ಹನ್ನೊಂದು ಬಾಗಿಲಿಗೂ ಹಾಕಿಸಿ ಬಂದೆ. ದೊರೆಗಳ ಅಪ್ಪಣೆ ಕೇಳದೆ ಗಾಡಿ ಕಟ್ಟಿದೆ. ತಪ್ಪಾಗಿದ್ದರೆ ಹೇಳಬೇಕು.'

"ಸಾವಿನ ಪೆಟ್ಟಿಗೆಗೆ," ಎಂದ ಪಾರುಪತ್ಯಗಾರ. ಆದರೆ ಈ ಸಲ ಅವನ ದನಿ ಸಣ್ಣದಾಗಿತ್ತು.

ಗುಮಾಸ್ತ ಮುಂದಿನ ಹಾಳೆ ತಿರುಗಿಸಿದ. ಅದರಲ್ಲಿ ಒಂದೇ ಒಂದು ಮಾತು ಇತ್ತು: 'ಸರಿ.' ಕೆಳಗೆ ಮುದ್ರೆ.

"ಇದನ್ನು ಯಾವ ಪೆಟ್ಟಿಗೆಗೆ ಹಾಕ್ತೀರಿ ಸ್ವಾಮಿ?" ಎಂದಳು ದಫ್ತರದವ್ವ.

ಪಾರುಪತ್ಯಗಾರ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಇದರಲ್ಲೇನಿದೆ? ಇದು ರದ್ದಿ."

"ರದ್ದಿಯಾ? ಮುದ್ರೆ ಯಾರದು ಅಂತ ದೊರೆಗಳಿಗೆ ತೋರಿಸಿ. ಆ ಮುದ್ರೆಯವರು ನೀರುಗಂಟಿಗೆ ಕಳಿಸಿದ ಉತ್ತರ ಇದು, ಅವನೇ ತಂದುಕೊಟ್ಟದ್ದು; ಯಾವುದಕ್ಕೆ ಸರಿ ಅಂದರು ಅನ್ನೋದು ಹಿಂದಿನ ಹಾಳೆಯಲ್ಲಿದೆ. ದಾರ ಕತ್ತರಿಸಿದ್ದರೆ ಇದು ನಿಮ್ಮ ಕಸದ ಬುಟ್ಟಿಯಲ್ಲಿರುತ್ತಿತ್ತು!"

ದೊರೆ ಮುದ್ರೆ ನೋಡಿದ. ಅದು ಅವನ ತಾತನದು. ಅವನು ಹಿಂದಿನ ಹಾಳೆಯನ್ನು ತಾನೇ ಇನ್ನೊಂದು ಸಲ ಓದಿಕೊಂಡ. ತಾತ ಕುಂಬಾರರ ಮನೆ ಕೆಡವಿಸಿದ್ದು, ಅದಕ್ಕೆ ಬದಲಾಗಿ ಮಣ್ಣು ಬಿಟ್ಟದ್ದು, ಅವರು ಹಾಸಿಗೆ ಹಿಡಿದ ವರ್ಷ ಅರಮನೆಯ ಗಾಡಿಯಲ್ಲೇ ಅದನ್ನು ಮುಟ್ಟಿಸಿದ್ದನ್ನು ಒಪ್ಪಿದ್ದು, ಎಲ್ಲವೂ ಅವನಿಗೆ ಅರ್ಥವಾಯಿತು. ಯಾವ ಒಂದು ಹಾಳೆಯೂ ಅದನ್ನು ಪೂರ್ತಿ ಹೇಳಿರಲಿಲ್ಲ.

"ಮಣ್ಣು ಕುಂಬಾರರದು. ಮಂಟಪ ಬೇಡ. ಪೆಟ್ಟಿಗೆಗಳನ್ನು ಅಡುಗೆಮನೆಗೆ ಕಳಿಸಿ, ಬೇಳೆ ತುಂಬಿಸಲಿ," ಎಂದ ದೊರೆ. ಹೊಸ ಅಪ್ಪಣೆ ಅಲ್ಲೇ ಬರೆಸಿ ಮುದ್ರೆ ಒತ್ತಿದ.

ಕುಂಬಾರರ ಯಜಮಾನ ಬಂದು ದಫ್ತರದವ್ವನ ಕಾಲಿಗೆ ಬಿದ್ದ. ನಾಲ್ಕು ದಿನದ ಹಿಂದೆ ಶಾಪ ಹಾಕಿದ ಬಾಯಿಂದಲೇ ತಾಯಿ ಎಂದ. ಅವಳು "ಏಳಪ್ಪಾ, ಏಳು" ಎಂದಳು. ಕಣ್ಣು ಒರೆಸಿಕೊಂಡಳು.

ಇಲ್ಲಿಗೆ ಗುರುಗಳು ನಿಲ್ಲಿಸಿ, ಬಿಡಿಸಿದ ಕಾಳನ್ನು ಮೊರಕ್ಕೆ ಹಾಕಿದರು. ಕರಿಬಸವನ ಮುಖ ಅರಳಿತ್ತು.

"ಒಳ್ಳೆಯ ಕತೆ ಬುದ್ಧೀ. ಒಂದು ಹಕ್ಕು ಉಳಿಯಬೇಕಾದರೆ ಕಂತೆ ಕದಲಬಾರದು. ಅರ್ಥವಾಯಿತು. ಆದರೆ ಹೂಗಾರನ ಹಾಳೆಯಿಂದ ಯಾರ ಹಕ್ಕೂ ಹೋಗುವುದಿಲ್ಲವಲ್ಲ. ಅವನು ಸತ್ತೇ ಹೋಗಿರಬಹುದು."

"ಕತೆ ಮುಗಿಯಿತು ಅಂತ ನಿನಗೆ ಯಾರು ಹೇಳಿದರು?" ಎಂದು ಗುರುಗಳು ಗದರಿದರು. "ಎಲ್ಲರೂ ಇಲ್ಲಿಗೇ ಎದ್ದು ಹೋಗುತ್ತಾರೆ. ಕೂತುಕೋ."

ಎಲ್ಲರೂ ಹೋದ ಮೇಲೆ ದೊರೆ ಒಬ್ಬನೇ ದಫ್ತರದ ಒಳಗೆ ಬಂದ. ಅವಳು ದೊರೆಯ ಕಂತೆಯನ್ನು ಇಳಿಸಿ ಕೂತಿದ್ದಳು. ಹೌದು, ದೊರೆಗೂ ಒಂದು ಕಂತೆ ಇತ್ತು. ಎಂಟು ದಿನದ ಹಿಂದೆ ಮಣ್ಣು ತಡೆದ ಅಪ್ಪಣೆ ಅದರಲ್ಲಿ ಆಗಲೇ ಕೂತಿತ್ತು. ಅದರ ಹಿಂದೆ ಇವತ್ತಿನ ಹಾಳೆ ಪೋಣಿಸಲಿಕ್ಕೆ ಅವಳು ದಬ್ಬಳ ಕೈಗೆ ತೆಗೆದುಕೊಂಡಿದ್ದಳು.

"ದಫ್ತರದವ್ವಾ," ಎಂದ ದೊರೆ, ಮೆತ್ತಗೆ. "ನೀನು ಇವತ್ತು ನನ್ನನ್ನು ತಪ್ಪಿನಿಂದ ಉಳಿಸಿದೆ. ಇನ್ನೊಂದು ಉಪಕಾರ ಮಾಡು. ಮಣ್ಣು ತಡೆದ ಹಾಳೆ, ಅದನ್ನು ಬಿಟ್ಟುಕೊಟ್ಟ ಹಾಳೆ, ಎರಡನ್ನೂ ತೆಗೆದುಬಿಡು. ತಪ್ಪೂ ಹೋಯಿತು, ತಿದ್ದಿದ್ದೂ ಆಯಿತು. ನನ್ನ ಮಕ್ಕಳು ಮೊಮ್ಮಕ್ಕಳು ಇದನ್ನು ಓದುವುದು ಬೇಡ."

ನೋಡು ತಮ್ಮಾ, ಅವನು ಒಳ್ಳೆಯ ದೊರೆ. ತಪ್ಪು ಒಪ್ಪಿದ, ತಿದ್ದಿಕೊಂಡ. ಕೇಳಿದ್ದೂ ಸಣ್ಣದು. ಪಾರುಪತ್ಯಗಾರನಿಗೆ ಇಲ್ಲ ಅನ್ನುವುದು ಸುಲಭ. ಪ್ರೀತಿಯಿಂದ ಕೇಳಿದವರಿಗೆ ಇಲ್ಲ ಅನ್ನುವುದು ಕಷ್ಟ.

"ಆಗೋದಿಲ್ಲ ದೊರೆಗಳೇ," ಎಂದಳು.

"ಯಾರಿಗೆ ನಷ್ಟ?"

"ಮುಂದೆ ನಿಮ್ಮ ಮಗನಿಗೋ ಮೊಮ್ಮಗನಿಗೋ ಅಲ್ಲಿ ಮಂಟಪ ಕಟ್ಟೋ ಆಸೆ ಬರುತ್ತೆ. ಆಗ ಕುಂಬಾರರು ಏನು ತೋರಿಸಬೇಕು? ಹಿಂದೆ ಒಬ್ಬ ದೊರೆಗೆ ಇದೇ ಆಸೆ ಬಂದಿತ್ತು, ತಪ್ಪು ಅಂತ ತಿಳಿದು ಕೈಬಿಟ್ಟರು ಅಂತ ತೋರಿಸೋದಕ್ಕೆ ಈ ಎರಡು ಹಾಳೆ ಬೇಕು."

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಈ ದಾರ ಕತ್ತರಿಸಲಿಕ್ಕೆ ನನಗೆ ಎಷ್ಟು ಹೊತ್ತು ಬೇಕು?" ಎಂದ ದೊರೆ. ಮೆತ್ತಗಿನ ದನಿ ಹೋಗಿತ್ತು.

"ಹೊತ್ತೇ ಬೇಕಾಗಿಲ್ಲ. ಕತ್ತರಿ ಅಲ್ಲಿ ಹೊಸ್ತಿಲ ಹತ್ತಿರವೇ ಇದೆ, ಗುಮಾಸ್ತರು ಮರೆತು ಹೋಗಿದ್ದಾರೆ. ಕತ್ತರಿಸೋದಾದರೆ ನಿಮ್ಮ ಕೈಯಾರೆ ಕತ್ತರಿಸಿ. ನನ್ನ ಕೈಲಿ ಮಾಡಿಸಬೇಡಿ."

ಹೀಗೆ ಹೇಳಿ ಅವಳು ಅವನ ಕಣ್ಣೆದುರೇ ಹೊಸ ಹಾಳೆಗೆ ದಬ್ಬಳ ಚುಚ್ಚಿ ದಾರಕ್ಕೆ ಪೋಣಿಸಿದಳು. ಕಂತೆಯನ್ನು ಅವನ ಮುಂದೆ ಇಟ್ಟು, ಸೊಂಟದ ಬೀಗದ ಕೈಯನ್ನು ಬಿಚ್ಚಿ ಅದರ ಮೇಲಿಟ್ಟಳು.

ದೊರೆ ಕತ್ತರಿಯ ಕಡೆ ನೋಡಿದ. ಎತ್ತಿಕೊಳ್ಳಲಿಲ್ಲ. ಬೀಗದ ಕೈಯನ್ನು ಮಾತ್ರ ಎತ್ತಿಕೊಂಡು ಹೊರಗೆ ಹೋದ.

ಮಾರನೆಯ ದಿನದಿಂದ ದಫ್ತರಕ್ಕೆ ಬೇರೆಯವರು ಬಂದರು. ಅವಳು ತವರೂರಿಗೆ ಹೋದಳು. ಕುಂಬಾರರು ಬಡಗಣ ದಿಬ್ಬದಲ್ಲಿ ಮನೆ ಕಟ್ಟಿಕೊಡುತ್ತೇವೆ ಎಂದರು, ಅವಳು ಒಪ್ಪಲಿಲ್ಲ. ಆ ಎರಡು ಹಾಳೆ ಕಂತೆಯಲ್ಲಿ ಉಳಿದವು. ಅಲ್ಲಿ ಈಗಲೂ ಕುಂಬಾರರು ಮಣ್ಣು ಅಗೆಯುತ್ತಾರಂತೆ.

ಗುರುಗಳು ಮತ್ತೆ ಕಾಯಿ ಬಿಡಿಸತೊಡಗಿದರು. ಕರಿಬಸವನ ಕೈಯಲ್ಲಿದ್ದ ಕಾಯಿ ಹಾಗೇ ಇತ್ತು. ಅವನು ಕೇಳಿದ.

"ಬುದ್ಧೀ, ಅಷ್ಟು ಒಳ್ಳೆಯ ದೊರೆಯ ಹೆಸರು ಉಳಿಸಿದ್ದರೆ ಅವಳಿಗೆ ಏನು ಹೋಗುತ್ತಿತ್ತು? ದೊಡ್ಡವರ ಹೆಸರಿಗೆ ಕಪ್ಪು ಅಂಟಬಾರದು ಎಂದು ಆಸೆ ಪಡುವುದೂ ತಪ್ಪೇ?"

ಗುರುಗಳು ಮೊದಲ ಸಲ ತಲೆ ಎತ್ತಿ ಅವನನ್ನು ನೋಡಿದರು.

"ಹೂಗಾರ ಕದ್ದಿರಲಿಲ್ಲ, ಕರಿಬಸವ. ಅವನನ್ನು ಹೊರಗೆ ಹಾಕಿದವನು ನಾನೇ ಅಂತ ನೀನು ಓದಿದ್ದೀಯ. ಹೋಗಿ ಆ ಹಾಳೆಯನ್ನು ಇದ್ದಲ್ಲೇ ಪೋಣಿಸು."